ಬಾಗಿಲು ತೆರೆಯದವರ ಮನೆಗೆ ಹೋಗುವುದು ಹೇಗೆ: ದಕ್ಷಿಣ ಕೊರಿಯಾದ ಒಂದು ಪ್ರಕರಣ

ನೆರವು ಕೇಳಿಕೊಂಡು ಬಂದವರಿಗೆ ಏನು ಮಾಡಬೇಕು ಅನ್ನುವುದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಕೇಳಿಕೊಂಡು ಬಾರದವರ ಬಗ್ಗೆ ಬರೆದದ್ದು ಕಡಿಮೆ. ಈ ಪ್ರಕರಣ ಅವರದು. ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಬಂದ ಒಬ್ಬ ಹೆಂಗಸು, ತಮ್ಮ ಹಾಗೇ ಬಂದವರಿಗಾಗಿ ಒಂದು ಪುಟ್ಟ ಗುಂಪು ಕಟ್ಟಿದರು. ಆ ಗುಂಪು ಎಲ್ಲಿ ಸೋತಿತು, ಎಲ್ಲಿ ದಾರಿ ಬದಲಿಸಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರನ್ನು ಸನ್‌ಹೀ ಅಂತ ಕರೆಯುತ್ತೇನೆ. ಅದು ಅವರ ಹೆಸರಲ್ಲ. ಊರು, ವಯಸ್ಸು, ಮನೆಯವರ ವಿವರ ಬದಲಿಸಿದ್ದೇನೆ. ಅದೇ ದಾರಿಯಲ್ಲಿ ಬಂದ ಬೇರೆ ಹೆಂಗಸರು ಹೇಳಿಕೊಂಡ ಅನುಭವಗಳನ್ನೂ ಇದರೊಳಗೆ ಸೇರಿಸಿ ಒಂದೇ ಕಥೆಯಾಗಿ ಹೆಣೆದಿದ್ದೇನೆ. ಯಾರನ್ನೂ ಗುರುತು ಹಿಡಿಯಲು ಆಗಬಾರದು. ಇಷ್ಟು ಎಚ್ಚರಿಕೆ ಯಾಕೆ ಅಂದರೆ, ಮಗಳು ದಕ್ಷಿಣದಲ್ಲಿ ಬಾಯಿ ಬಿಟ್ಟರೆ ಉತ್ತರದಲ್ಲಿ ಉಳಿದ ತಾಯಿ, ತಮ್ಮಂದಿರು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಸಾರ್ವಜನಿಕ ಘಟನೆಗಳು, ವರ್ಷಗಳು, ಸರ್ಕಾರದ ಅಂಕಿಗಳು ಮಾತ್ರ ಇದ್ದ ಹಾಗೇ ಇವೆ.

ಹಿನ್ನೆಲೆ

ಸನ್‌ಹೀ ಹುಟ್ಟಿದ್ದು ಉತ್ತರ ಹಮ್‌ಗ್ಯೊಂಗ್ ಪ್ರಾಂತ್ಯದ ಒಂದು ಗಣಿ ಊರಿನಲ್ಲಿ, ತುಮೆನ್ ನದಿಗೆ ಹತ್ತಿರ. ನದಿಯ ಆಚೆ ದಡ ಚೀನಾ. ದಕ್ಷಿಣಕ್ಕೆ ಬಂದವರಲ್ಲಿ ಬಹುಪಾಲು ಜನ ಈ ಪ್ರಾಂತ್ಯದವರು, ಇಲ್ಲವೇ ಪಕ್ಕದ ರ್ಯಾಂಗಾಂಗ್‌ನವರು. ಗಡಿ ಹತ್ತಿರ ಇದ್ದವರಿಗೆ ಓಡಲು ದಾರಿ ಸ್ವಲ್ಪ ಸುಲಭ.

1990ರ ದಶಕದ ಮಧ್ಯದಲ್ಲಿ ಬರಗಾಲ ಬಂತು, ಸರ್ಕಾರದ ರೇಷನ್ ನಿಂತುಹೋಯಿತು. ಸಂಬಳ ಇಲ್ಲದಿದ್ದರೂ ಗಂಡಸರು ಸರ್ಕಾರಿ ಕಾರ್ಖಾನೆಗೆ ಹೋಗಿ ಹಾಜರಿ ಹಾಕಲೇಬೇಕಿತ್ತು. ಮದುವೆಯಾದ ಹೆಂಗಸರ ಮೇಲೆ ಆ ಕಟ್ಟು ಸ್ವಲ್ಪ ಸಡಿಲ. ಹಾಗಾಗಿ ಮನೆ ನಡೆಸಿದವರು ಸಂತೆಯಲ್ಲಿ ಕೂತ ಹೆಂಗಸರು. ಸನ್‌ಹೀ ಅವರ ತಾಯಿ ಇಂಜೊಗೋಗಿ ಮಾರುತ್ತಿದ್ದರು. ಸೋಯಾದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಒತ್ತಿ ತೆಳ್ಳಗೆ ಪಟ್ಟಿ ಮಾಡುತ್ತಾರೆ. ಅದರಲ್ಲಿ ಅನ್ನ ಸುತ್ತಿ, ಮೇಲೆ ಖಾರದ ಮಸಾಲೆ ಸವರಿ ಕೊಡುತ್ತಾರೆ. ಮಾಂಸ ಕಣ್ಣಿಗೂ ಬೀಳದ ಕಾಲದಲ್ಲಿ ಜನ ಅಗಿದು ತಿಂದದ್ದು ಇದನ್ನೇ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ಉತ್ತರದಲ್ಲಿ ಸುಮಾರು 20ರಿಂದ 40 ಮನೆಗಳಿಗೆ ಒಂದು ಇನ್‌ಮಿನ್‌ಬಾನ್ ಇರುತ್ತದೆ. ಅದೊಂದು ನೆರೆಹೊರೆಯ ಘಟಕ. ಅದರ ಮುಖ್ಯಸ್ಥೆ ಸಾಮಾನ್ಯವಾಗಿ ನಡುವಯಸ್ಸಿನ ಹೆಂಗಸು. ಯಾರ ಮನೆಗೆ ಯಾರು ಬಂದರು, ರಾತ್ರಿ ಯಾರು ಉಳಿದರು, ಯಾರ ಕೈಯಲ್ಲಿ ಇದ್ದಕ್ಕಿದ್ದ ಹಾಗೆ ದುಡ್ಡು ಓಡಾಡುತ್ತಿದೆ, ಎಲ್ಲವೂ ಆಕೆಗೆ ಗೊತ್ತಿರಬೇಕು. ಗೊತ್ತಾದದ್ದನ್ನು ಮೇಲಕ್ಕೆ ಮುಟ್ಟಿಸಬೇಕು. ಆಕೆ ಬಾಗಿಲು ತಟ್ಟಿ "ಹೇಗಿದ್ದೀಯಮ್ಮ?" ಅಂತ ಕೇಳಿದರೆ ಅದು ಕುಶಲ ಪ್ರಶ್ನೆ ಅಲ್ಲ.

ನದಿ ಹೆಪ್ಪುಗಟ್ಟಿದ ಒಂದು ಚಳಿಗಾಲದಲ್ಲಿ ಸನ್‌ಹೀ ದಾಟಿದರು. ಹೋಟೆಲಿನಲ್ಲಿ ಕೆಲಸ ಕೊಡಿಸುತ್ತೇನೆ ಅಂದಿದ್ದ ದಲ್ಲಾಳಿ, ಚೀನಾದ ಈಶಾನ್ಯ ಭಾಗದ ಒಬ್ಬ ರೈತನಿಗೆ ಅವರನ್ನು ಹೆಂಡತಿಯಾಗಿ ಮಾರಿದ. ಈ ರೀತಿ ಮಾರಾಟವಾದ ಹೆಂಗಸರು ತುಂಬಾ ಜನ. ಪೊಲೀಸರ ಹತ್ತಿರ ಹೋಗುವ ಹಾಗಿಲ್ಲ. ಚೀನಾ ಇವರನ್ನು ನಿರಾಶ್ರಿತರು ಅಂತ ಒಪ್ಪುವುದಿಲ್ಲ. ಹೊಟ್ಟೆಪಾಡಿಗಾಗಿ ಕಾನೂನು ಮೀರಿ ಬಂದವರು ಅನ್ನುತ್ತದೆ. 1986ರಲ್ಲಿ ಉತ್ತರದ ಜೊತೆ ಮಾಡಿಕೊಂಡ ಗಡಿ ಒಪ್ಪಂದದ ಪ್ರಕಾರ ಹಿಡಿದು ವಾಪಸ್ ಕಳಿಸುತ್ತದೆ. ವಾಪಸ್ ಹೋದವರಿಗೆ ವಿಚಾರಣೆ, ಹೊಡೆತ, ದುಡಿಮೆಯ ಶಿಬಿರ ಕಾದಿರುತ್ತದೆ. ಹಾಗಾಗಿ ವರ್ಷಗಟ್ಟಲೆ ಅವರು ಮಾಡಿದ ಕೆಲಸ ಒಂದೇ: ಯಾವ ಅಧಿಕಾರಿಯ ಕಣ್ಣಿಗೂ ಬೀಳದಂತೆ ಬದುಕುವುದು. ಅಲ್ಲೇ ಒಬ್ಬ ಮಗ ಹುಟ್ಟಿದ.

ಮಗನಿಗೆ ಏಳೆಂಟು ವರ್ಷ ಆದಾಗ, ಅವನನ್ನು ತಂದೆಯ ಮನೆಯಲ್ಲೇ ಬಿಟ್ಟು ಹೊರಟರು. ಚೀನಾದ ಉದ್ದಕ್ಕೂ ಬಸ್ಸು, ರೈಲು, ಕೊನೆಗೆ ಕುನ್‌ಮಿಂಗ್. ಅಲ್ಲಿಂದ ಬೆಟ್ಟ ಹತ್ತಿ ಲಾವೋಸ್, ಮೆಕಾಂಗ್ ನದಿ ದಾಟಿ ಥಾಯ್ಲೆಂಡ್. ಅಲ್ಲಿ ಓಡುವ ಅಗತ್ಯ ಇಲ್ಲ. ತಾವಾಗಿಯೇ ಪೊಲೀಸರ ಮುಂದೆ ಹೋಗಿ ನಿಲ್ಲುತ್ತಾರೆ. ಬ್ಯಾಂಕಾಕಿನ ಬಂಧನ ಕೇಂದ್ರದಲ್ಲಿ ಕಾದು, ಆಮೇಲೆ ಸಿಯೋಲ್‌ಗೆ ವಿಮಾನ.

ದಕ್ಷಿಣ ಕೊರಿಯಾದ ಸಂವಿಧಾನದ ಪ್ರಕಾರ ಇಡೀ ಕೊರಿಯಾ ದ್ವೀಪಕಲ್ಪ ಒಂದೇ ದೇಶ. ಆದ್ದರಿಂದ ಉತ್ತರದಿಂದ ಬಂದವರು ಪ್ರಜೆಗಳೇ. ಮೊದಲು ಗುಪ್ತಚರ ಇಲಾಖೆಯ ವಿಚಾರಣೆ. ಅಲ್ಲಿ ತಮ್ಮ ಬದುಕನ್ನು ಹುಟ್ಟಿದಾಗಿನಿಂದ ಕೈಯಲ್ಲಿ ಬರೆದು ಕೊಡಬೇಕು, ಮತ್ತೆ ಬರೆಯಬೇಕು. ಆಮೇಲೆ ಹನಾವನ್ ಅನ್ನುವ ಸರ್ಕಾರಿ ಕೇಂದ್ರದಲ್ಲಿ 12 ವಾರ. ಇದು 1999ರಲ್ಲಿ ಆನ್‌ಸಂಗ್‌ನಲ್ಲಿ ಶುರುವಾಯಿತು. ಬ್ಯಾಂಕ್ ಕಾರ್ಡು, ಮೆಟ್ರೋ, ಕಂಪ್ಯೂಟರ್, ಉದ್ಯೋಗ, ಎಲ್ಲವನ್ನೂ ಹೇಳಿಕೊಡುತ್ತಾರೆ. ಹೊರಗೆ ಬರುವಾಗ ಗುರುತಿನ ಸಂಖ್ಯೆ, ಬಾಡಿಗೆಗೆ ಒಂದು ಸರ್ಕಾರಿ ಫ್ಲ್ಯಾಟ್, ಒಂದಿಷ್ಟು ದುಡ್ಡು ಸಿಗುತ್ತದೆ. ಒಂಟಿ ವ್ಯಕ್ತಿಗೆ ಈ ಮೂಲಧನ 2024ರಲ್ಲಿ 1 ಕೋಟಿ ವಾನ್ (ದಕ್ಷಿಣ ಕೊರಿಯಾದ ಹಣ) ಇತ್ತು, 2025ರಲ್ಲಿ ಒಂದೂವರೆ ಕೋಟಿ ಆಯಿತು. ಸನ್‌ಹೀ ಬಂದಾಗ ಇದಕ್ಕಿಂತ ಕಡಿಮೆ. ಅದರಲ್ಲೂ ದೊಡ್ಡ ಭಾಗ ದಾರಿ ತೋರಿಸಿದ ದಲ್ಲಾಳಿಯ ಸಾಲಕ್ಕೆ ಹೋಯಿತು.

ಹೀಗೆ ಇಲ್ಲಿಯವರೆಗೆ 34,000ಕ್ಕೂ ಹೆಚ್ಚು ಜನ ದಕ್ಷಿಣಕ್ಕೆ ಬಂದಿದ್ದಾರೆ. ಅವರಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಹೆಂಗಸರು. ಅತಿ ಹೆಚ್ಚು ಜನ ಬಂದದ್ದು 2009ರಲ್ಲಿ, 2,914. ಕೊರೋನಾದಲ್ಲಿ ಗಡಿಗಳು ಮುಚ್ಚಿ 2021ರಲ್ಲಿ ಬರೀ 63 ಜನ ಬಂದರು.

ಗುಂಪು ಹುಟ್ಟಿದ ಬಗೆ

ಅದಕ್ಕೊಂದು ಉದ್ಘಾಟನೆ ಅಂತ ಇರಲಿಲ್ಲ. ಸನ್‌ಹೀ ಹೋಟೆಲಿನಲ್ಲಿ ಪಾತ್ರೆ ತೊಳೆದರು, ವಯಸ್ಸಾದವರನ್ನು ನೋಡಿಕೊಳ್ಳುವ ತರಬೇತಿ ಪಡೆದು ಪರೀಕ್ಷೆ ಪಾಸಾದರು. ಕಾಗದ ಪತ್ರ ಓದಲು ಬೇಗ ಕಲಿತರು. ಹನಾವನ್‌ನಲ್ಲಿ ಜೊತೆಗಿದ್ದವರು ಫೋನ್ ಮಾಡತೊಡಗಿದರು. "ಅಕ್ಕಾ, ಬ್ಯಾಂಕಿನಿಂದ ಏನೋ ಪತ್ರ ಬಂದಿದೆ." "ಅಕ್ಕಾ, ಮೊಬೈಲ್ ಅಂಗಡಿಯವನು ಎರಡು ವರ್ಷಕ್ಕೆ ಸಹಿ ಹಾಕಿಸಿಕೊಂಡ, ಈಗ ಏನು ಮಾಡಲಿ?" ಇವರು ಜೊತೆಗೆ ಹೋಗಿ ಕೌಂಟರಿನ ಮುಂದೆ ಕೂರುತ್ತಿದ್ದರು. ಮಾತಾಡುವವರು ಫೋನ್ ಮಾಡಿದವರೇ. ಇವರು ಸುಮ್ನೆ ಪಕ್ಕದಲ್ಲಿ ಇರುತ್ತಿದ್ದರು. ಉತ್ತರದ ಧಾಟಿ ಕಿವಿಗೆ ಬಿದ್ದ ತಕ್ಷಣ ಎದುರಿನವರ ಮುಖ ಬದಲಾಗುವುದನ್ನು ಒಬ್ಬರೇ ಎದುರಿಸುವುದು ಕಷ್ಟ, ಅಲ್ವಾ? ಇಬ್ಬರಿದ್ದರೆ ಅಷ್ಟು ಕಷ್ಟ ಆಗುವುದಿಲ್ಲ.

ಆಮೇಲೆ ಮಗ ಬಂದ. ಹದಿಮೂರು ದಾಟಿದ್ದ, ಚೀನೀ ಭಾಷೆ ಬಿಟ್ಟರೆ ಬೇರೆ ಮಾತು ಬಾರದು. ಇಲ್ಲಿ ಕಾನೂನಿನ ಒಂದು ಬಿರುಕು ಇದೆ. ಬಂದವರ ರಕ್ಷಣೆಗೆ, ನೆಲೆಗೆ ಅಂತ ಮಾಡಿದ 1997ರ ಕಾಯ್ದೆಯ ಲೆಕ್ಕದಲ್ಲಿ ಉತ್ತರದಿಂದ ತಪ್ಪಿಸಿಕೊಂಡು ಬಂದವರು ಅಂದರೆ ಅಲ್ಲಿ ಇದ್ದು ಬಂದವರು. ತಾಯಿ ಓಡಿಹೋಗುವಾಗ ಚೀನಾದಲ್ಲಿ ಹುಟ್ಟಿದ ಮಗು ಆ ಲೆಕ್ಕಕ್ಕೆ ಬರುವುದಿಲ್ಲ. ಉತ್ತರದಲ್ಲಿ ಹುಟ್ಟಿದ ಹುಡುಗನಿಗೆ ಸಿಗುವ ಸವಲತ್ತುಗಳು ಇವನಿಗೆ ಹಾಗೇ ಸಿಗುವುದಿಲ್ಲ. ಉತ್ತರದಲ್ಲಿ ಹುಟ್ಟಿದವರಿಗೆ ಕಡ್ಡಾಯ ಸೈನ್ಯ ಸೇವೆಯಿಂದ ವಿನಾಯಿತಿ ಇದೆ, ಇವನಿಗೆ ಇಲ್ಲ. ಆದರೆ ಶಾಲೆಗಳಲ್ಲಿರುವ ಈ ಕುಟುಂಬಗಳ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಇಂಥವರೇ.

ಮಗನಿಗಾಗಿ ಸನ್‌ಹೀ ಹುಡುಕಿದ ಪಾಠ ಇನ್ನೂ ಐದಾರು ತಾಯಂದಿರಿಗೆ ಬೇಕಿತ್ತು. ಒಂದು ಚರ್ಚಿನ ಕೆಳಗಿನ ಕೋಣೆಯಲ್ಲಿ ಶನಿವಾರದ ತರಗತಿ ಶುರುವಾಯಿತು. ಮಕ್ಕಳು ಒಳಗೆ ಓದುತ್ತಿದ್ದರೆ ತಾಯಂದಿರು ಹೊರಗೆ ಮಾತಾಡುತ್ತಿದ್ದರು. ನನ್ನ ಪ್ರಕಾರ ನಿಜವಾದ ಸಂಘಟನೆ ಹುಟ್ಟಿದ್ದು ಆ ಹೊರಗಿನ ಬೆಂಚಿನ ಮೇಲೆ.

ಆ ಮೊದಲ ವರ್ಷಗಳ ಎರಡು ತೀರ್ಮಾನ ಮುಖ್ಯ.

ಮೊದಲನೆಯದು ಸಾಕ್ಷಿ ಹೇಳುವುದರ ಬಗ್ಗೆ. ದಕ್ಷಿಣದಲ್ಲಿ ಉತ್ತರದಿಂದ ಬಂದವರ ಕಥೆಗೆ ಬೇಡಿಕೆ ಇದೆ. ಟಿವಿ ಕಾರ್ಯಕ್ರಮಗಳಿವೆ, ಚರ್ಚುಗಳಿವೆ, ವಿದೇಶದ ಸಭೆಗಳಿವೆ. ಗೌರವಧನವೂ ಸಿಗುತ್ತದೆ. ಸನ್‌ಹೀ ಕೆಲವು ಕಡೆ ಮಾತಾಡಿದರು. ಕೇಳುವವರು ಪ್ರತಿ ಸಲ ಇನ್ನೂ ಸ್ವಲ್ಪ ಜಾಸ್ತಿ ನೋವು ಕೇಳುತ್ತಾರೆ ಅನ್ನುವುದು ಅವರಿಗೆ ಬೇಗ ಗೊತ್ತಾಯಿತು. ಅದಕ್ಕಿಂತ ಮುಖ್ಯವಾಗಿ, ವೇದಿಕೆ ಹತ್ತಿದವರ ಹತ್ತಿರ ತಮ್ಮ ಗುಟ್ಟು ಹೇಳಲು ಬೇರೆ ಹೆಂಗಸರು ಹಿಂಜರಿದರು. ಇವತ್ತು ನನ್ನ ಕಣ್ಣೀರು, ನಾಳೆ ಇವಳ ಭಾಷಣದಲ್ಲಿ ಬರುತ್ತೇನೋ ಅನ್ನುವ ಭಯ. ಸನ್‌ಹೀ ವೇದಿಕೆ ಬಿಟ್ಟರು. ವೇದಿಕೆಯ ಮಾತು ಕೀಳು ಅಂತಲ್ಲ. ಇಂಥ ಹೆಂಗಸರು ಧೈರ್ಯ ಮಾಡಿ ಹೇಳಿದ್ದರಿಂದಲೇ ಹೊರಜಗತ್ತಿಗೆ ಒಳಗಿನ ಸ್ಥಿತಿ ಗೊತ್ತಾದದ್ದು. ಆದರೆ ಆ ಕೆಲಸ ಬೇರೆ, ಬೆಂಚಿನ ಮೇಲಿನ ಕೆಲಸ ಬೇರೆ. ಎರಡನ್ನೂ ಒಬ್ಬರೇ ಒಟ್ಟಿಗೆ ಮಾಡಿದರೆ ಎರಡನೆಯದು ಕೆಡುತ್ತದೆ.

ಎರಡನೆಯದು ದುಡ್ಡಿನ ಬಗ್ಗೆ. ಬಂದವರಿಗೆ ದಲ್ಲಾಳಿ ಸಾಲ ಇರುತ್ತದೆ. ಊರಿಗೆ ದುಡ್ಡು ಕಳಿಸುವ ಒತ್ತಡ ಬೇರೆ. ಆ ದುಡ್ಡು ಕೈಯಿಂದ ಕೈಗೆ ದಾಟಿ ಹೋಗುವಾಗ ಸುಮಾರು ನೂರಕ್ಕೆ 30ರಷ್ಟು ಮಧ್ಯದವರ ಪಾಲಾಗುತ್ತದೆ. ಗುಂಪು ಮೊದಲು ಚಂದಾ ಎತ್ತಿ ಸಾಲ ಕೊಟ್ಟಿತು. ತೀರಿಸಲು ಆಗದವರು ನಾಚಿಕೆಯಿಂದ ಬರುವುದನ್ನೇ ನಿಲ್ಲಿಸಿದರು. ಯಾರಿಗೆ ಗುಂಪು ಹೆಚ್ಚು ಬೇಕಿತ್ತೋ ಅವರನ್ನೇ ಸಾಲ ದೂರ ಮಾಡಿತು. ಸಾಲ ಕೊಡುವುದು ಅಲ್ಲಿಗೆ ನಿಂತಿತು. ಕೊಟ್ಟದ್ದನ್ನೂ ವಾಪಸ್ ಕೇಳಲಿಲ್ಲ. ಕೊಟ್ಟು ಮರೆಯುವಷ್ಟು ಇದ್ದರೆ ಕೊಡು, ಇಲ್ಲದಿದ್ದರೆ ಬೇಡ ಅನ್ನುವುದು ಅವತ್ತಿನಿಂದ ನಿಯಮ.

2019ರ ಬೇಸಿಗೆ

ಆ ವರ್ಷ ಜುಲೈ ಕೊನೆಯಲ್ಲಿ ಸಿಯೋಲ್‌ನ ಗ್ವಾನಾಕ್ ಪ್ರದೇಶದ ಒಂದು ಬಾಡಿಗೆ ಫ್ಲ್ಯಾಟಿನಲ್ಲಿ, ಉತ್ತರದಿಂದ ಬಂದಿದ್ದ ನಲವತ್ತು ದಾಟಿದ ತಾಯಿ ಮತ್ತು ಅವರ ಪುಟ್ಟ ಮಗನ ಶವ ಸಿಕ್ಕಿತು. ತೀರಿಕೊಂಡು ಸುಮಾರು ಎರಡು ತಿಂಗಳಾಗಿತ್ತು. ನೀರಿನ ಬಿಲ್ ಕಟ್ಟಿರಲಿಲ್ಲ. ಮನೆಯಲ್ಲಿ ತಿನ್ನಲು ಖಾರದ ಪುಡಿ ಬಿಟ್ಟು ಏನೂ ಇರಲಿಲ್ಲ ಅಂತ ಪತ್ರಿಕೆಗಳು ಬರೆದವು. ಶವಪರೀಕ್ಷೆಯಲ್ಲಿ ಕಾರಣ ಖಚಿತವಾಗಲಿಲ್ಲ. ಆದರೆ ಹಸಿವಿನಿಂದಲೇ ಸತ್ತಿರಬೇಕು ಅಂತ ಎಲ್ಲರೂ ನಂಬಿದರು. ಹಸಿವಿನಿಂದ ಓಡಿಬಂದವರು, ಊಟ ಎಸೆಯುವಷ್ಟು ಇರುವ ಊರಿನಲ್ಲಿ ಹಸಿದು ಹೋದರು. ಗ್ವಾಂಗ್‌ಹ್ವಾಮುನ್ ಚೌಕದಲ್ಲಿ ಶ್ರದ್ಧಾಂಜಲಿಯ ಚಪ್ಪರ ಎದ್ದಿತು.

ಆ ತಾಯಿ ಬಂದದ್ದು 2009ರಲ್ಲಿ. ಹೊಸದಾಗಿ ಬಂದವರ ಮೇಲೆ ಸರ್ಕಾರ ವಿಶೇಷ ಗಮನ ಇಡುವ ಅವಧಿ ಐದು ವರ್ಷ. ಅದು ಎಂದೋ ಮುಗಿದಿತ್ತು. ಕಡತದ ಪ್ರಕಾರ ಅವರು ನೆಲೆ ಕಂಡವರು.

ಸನ್‌ಹೀ ಗುಂಪಿನಲ್ಲಿ ಅವತ್ತು ಎದ್ದ ಪ್ರಶ್ನೆ ಸರ್ಕಾರ ಏನು ಮಾಡಿತು ಅನ್ನುವುದಲ್ಲ. ನಮ್ಮ ಬೆಂಚಿಗೆ ಯಾರು ಬರುತ್ತಿಲ್ಲ ಅನ್ನುವುದು. ಹನಾವನ್‌ನಿಂದ ಒಟ್ಟಿಗೆ ಹೊರಗೆ ಬಂದವರ ಹೆಸರು ನೆನಪು ಮಾಡಿಕೊಂಡರು. ಎಷ್ಟೋ ಜನ ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಪಟ್ಟಿ ಮಾಡಿ ಬಾಗಿಲು ತಟ್ಟಿದ್ದು

ಸನ್‌ಹೀ ಒಂದು ನೋಟ್‌ಬುಕ್ ತಂದರು. ಹೆಸರು, ಫ್ಲ್ಯಾಟ್ ನಂಬರ್, ಕೊನೆಯ ಸಲ ಯಾರು ಯಾವಾಗ ನೋಡಿದ್ದು, ಮಕ್ಕಳು, ಕಾಯಿಲೆ, ಕೆಲಸ. ವಾರಕ್ಕೆ ಇಷ್ಟು ಮನೆ ಅಂತ ಹಂಚಿಕೊಂಡು ಅಕ್ಕಿ, ಹಣ್ಣು ಹಿಡಿದು ಹೊರಟರು. ಯಾರೇ ಆದರೂ ಮೊದಲು ಮಾಡುವುದು ಇದನ್ನೇ.

ಹೆಚ್ಚಿನ ಬಾಗಿಲು ತೆರೆಯಲೇ ಇಲ್ಲ. ತೆರೆದವರು ಎಲ್ಲ ಚೆನ್ನಾಗಿದೆ ಅಂದರು. ಅಕ್ಕಿ ತೆಗೆದುಕೊಂಡು ಬಾಗಿಲು ಹಾಕಿಕೊಂಡರು. ಒಬ್ಬರು ಮಾತ್ರ ಮನಸ್ಸಿನಲ್ಲಿದ್ದದ್ದನ್ನು ಆಡಿಬಿಟ್ಟರು. ಅವರನ್ನು ಒಕ್‌ಜು ಅನ್ನೋಣ. ವಯಸ್ಸು ಐವತ್ತರ ಆಸುಪಾಸು, ಒಂಟಿ, ಬೆನ್ನು ನೋವಿನಿಂದ ಕೆಲಸ ಬಿಟ್ಟಿದ್ದರು. ಬಾಗಿಲ ಸರಪಳಿ ತೆಗೆಯದೆ, ಸಂದಿಯಲ್ಲಿ ಸನ್‌ಹೀ ಕೈಯಲ್ಲಿದ್ದ ನೋಟ್‌ಬುಕ್ ನೋಡಿದರು.

"ಅದರಲ್ಲಿ ನನ್ನ ಬಗ್ಗೆ ಏನು ಬರೆದಿದ್ದೀಯಾ?"

"ಏನಿಲ್ಲ ಅಕ್ಕಾ, ಹುಷಾರಾಗಿದ್ದೀರಾ ಅಂತ ನೋಡಲು ಬಂದೆ."

"ಇನ್‌ಮಿನ್‌ಬಾನ್ ಕೆಲಸ ಇಲ್ಲೂ ಶುರು ಮಾಡಿಕೊಂಡಿದ್ದೀಯಾ? ಅದನ್ನು ಬಿಟ್ಟು ಬರಲಿಕ್ಕೇ ನಾನು ನದಿ ದಾಟಿದ್ದು."

ಬಾಗಿಲು ಮುಚ್ಚಿತು.

ಇಡೀ ಪ್ರಕರಣದ ತಿರುವು ಇದು ಅಂತ ನನಗೆ ಅನ್ನಿಸುತ್ತದೆ. ಈ ಹೆಂಗಸರು ಸವಲತ್ತು ಕೇಳದಿರುವುದಕ್ಕೆ ಮಾಹಿತಿ ಇಲ್ಲದಿರುವುದೊಂದೇ ಕಾರಣ ಅಲ್ಲ. ಉತ್ತರದಲ್ಲಿ ಕಷ್ಟ ಹೇಳಿಕೊಂಡರೆ ಗುರುತಾಗುತ್ತೀರಿ. ಚೀನಾದಲ್ಲಿ ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತೀರಿ. ಎರಡು ದೇಶದಲ್ಲೂ ಅವರನ್ನು ಬದುಕಿಸಿದ್ದು ಅಡಗುವುದು. ಮೂರನೆಯ ದೇಶಕ್ಕೆ ಬಂದ ತಕ್ಷಣ, ಕೌಂಟರಿನ ಮುಂದೆ ನಿಂತು ಬಡತನ, ಕಾಯಿಲೆ, ಗಂಡನ ವಿವರ ಎಲ್ಲ ಅರ್ಜಿಯಲ್ಲಿ ತುಂಬಿಸಿ ಅಂದರೆ ಅವರ ಕೈ ಏಳುವುದಿಲ್ಲ. ನೆರವು ಕೊಡಲು ಬಂದವರ ಕೈಯಲ್ಲಿ ಪಟ್ಟಿ ಇದ್ದರೆ ಅವರಿಗೆ ಕಾಣುವುದು ಪಟ್ಟಿ ಮಾತ್ರ.

ಪಟ್ಟಿ ಬಿಟ್ಟು ಮಾಡಿದ್ದು

ಗುಂಪಿನಲ್ಲಿ ಜಗಳವೇ ಆಯಿತು. ಪಟ್ಟಿ ಇಲ್ಲದೆ ಇನ್ನೊಂದು ಗ್ವಾನಾಕ್ ಆಗುವುದನ್ನು ತಡೆಯುವುದು ಹೇಗೆ ಅಂತ ಕೆಲವರು. ಆ ಮಾತಲ್ಲೂ ಸತ್ಯ ಇತ್ತು. ಕೊನೆಗೆ ಸನ್‌ಹೀ ನೋಟ್‌ಬುಕ್‌ನಲ್ಲಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿದರು. ನಿಮ್ಮ ಬಗ್ಗೆ ಇಂತಿಂಥದ್ದು ಬರೆದುಕೊಂಡಿದ್ದೇನೆ, ಇಟ್ಟುಕೊಳ್ಳಲಾ, ಅಳಿಸಲಾ ಅಂತ ಕೇಳಿದರು. ಅಳಿಸು ಅಂದವರದ್ದನ್ನು ಅಳಿಸಿದರು. ಇಟ್ಟುಕೋ ಅಂದವರಲ್ಲಿ ಕೂಡ ಹೆಸರು, ನಂಬರ್ ಬಿಟ್ಟು ಬೇರೇನೂ ಉಳಿಸಲಿಲ್ಲ.

ಆಮೇಲೆ ಲೆಕ್ಕವನ್ನೇ ತಿರುಗಿಸಿದರು. ಗುಂಪು ಯಾರನ್ನು ನೋಡಿಕೊಳ್ಳಬೇಕು ಅನ್ನುವ ಬದಲು, ನಿಮ್ಮ ಬಾಗಿಲು ಯಾರು ತಟ್ಟಬಹುದು ಅಂತ ಪ್ರತಿಯೊಬ್ಬರನ್ನೂ ಕೇಳಿದರು. ಪ್ರತಿ ಹೆಂಗಸು ಇಬ್ಬರ ಹೆಸರು ಹೇಳಬೇಕು. ಎಷ್ಟು ದಿನ ಫೋನ್ ಎತ್ತದಿದ್ದರೆ ಅವರು ಬರಬೇಕು ಅನ್ನುವುದನ್ನು ಅವಳೇ ನಿರ್ಧರಿಸುತ್ತಾಳೆ. ಒಬ್ಬಳಿಗೆ ಮೂರು ದಿನ, ಇನ್ನೊಬ್ಬಳಿಗೆ ಎರಡು ವಾರ. ಬಂದವರು ಪೊಲೀಸರಿಗೆ ಹೇಳಬಹುದಾ, ಆಸ್ಪತ್ರೆಗೆ ಮಾತ್ರವಾ, ಅದೂ ಅವಳ ಮಾತು. ಈ ವಿವರ ಎಲ್ಲೂ ಒಂದೇ ಕಡೆ ಇರುವುದಿಲ್ಲ. ಆ ಇಬ್ಬರ ಹತ್ತಿರ ಮಾತ್ರ ಇರುತ್ತದೆ. ಸನ್‌ಹೀ ಅವರಿಗೂ ಎಲ್ಲರದ್ದೂ ಗೊತ್ತಿಲ್ಲ.

ಆದರೆ ಇದೆಲ್ಲ ಗುಂಪಿಗೆ ಬಂದವರಿಗೆ ಆಯಿತು. ಬಾಗಿಲು ಮುಚ್ಚಿಕೊಂಡ ಒಕ್‌ಜುಗೆ ಏನು ಮಾಡುವುದು?

ನವೆಂಬರ್ ಕೊನೆಗೆ ಕೊರಿಯಾದಲ್ಲಿ ಕಿಮ್ಜಾಂಗ್. ಇಡೀ ಚಳಿಗಾಲಕ್ಕೆ ಬೇಕಾದ ಕಿಮ್ಚಿಯನ್ನು, ಅಂದರೆ ಎಲೆಕೋಸನ್ನು ಹುಳಿ ಬರಿಸಿ ಮಾಡುವ ಉಪ್ಪಿನಕಾಯಿಯನ್ನು, ನಾಲ್ಕಾರು ಜನ ಸೇರಿ ಒಟ್ಟಿಗೆ ಹಾಕುವ ಕೆಲಸ. ಗುಂಪಿನವರೂ ಹಾಕಬೇಕು ಅಂದುಕೊಂಡರು, ಅದೂ ಊರಿನ ರೀತಿಯಲ್ಲಿ. ಹಮ್‌ಗ್ಯೊಂಗ್ ಕಡೆ ಎಲೆಗಳ ಮಧ್ಯೆ ಮೀನಿನ ತುಂಡು ಇಡುತ್ತಾರೆ. ರಸ ತೆಳು, ಉಪ್ಪು ಖಾರ ದಕ್ಷಿಣದಷ್ಟು ಇರುವುದಿಲ್ಲ. ಅಲ್ಲಿ ಉಪ್ಪು ಕಮ್ಮಿಯಾದರೂ ಚಳಿಗೆ ಕೆಡುವುದಿಲ್ಲ. ಸಿಯೋಲ್‌ನ ಚಳಿಗೆ ಎಷ್ಟು ಉಪ್ಪು ಹಾಕಬೇಕು ಅನ್ನುವುದೇ ಪ್ರಶ್ನೆ. ಒಕ್‌ಜು ಊರಿನಲ್ಲಿ ಸಂತೆಗೆ ಕಿಮ್ಚಿ ಹಾಕಿ ಮಾರಿದವರು ಅಂತ ಯಾರೋ ಹೇಳಿದರು. ಸನ್‌ಹೀ ಹೋಗಲಿಲ್ಲ. ಒಕ್‌ಜು ಊರಿನವರೇ ಆದ ಇನ್ನೊಬ್ಬ ಹೆಂಗಸು ಫೋನ್ ಮಾಡಿದರು. "ಅಕ್ಕಾ, ಎಲೆಕೋಸು ಎಲ್ಲ ನೆನೆಹಾಕಿಬಿಟ್ಟಿದ್ದೇವೆ. ಉಪ್ಪಿನ ಹದ ಗೊತ್ತಾಗುತ್ತಿಲ್ಲ. ಒಂದು ಗಳಿಗೆ ಬಂದು ನೋಡುತ್ತೀರಾ?"

ಒಕ್‌ಜು ಬಂದರು. ಮೊದಲು ತೊಟ್ಟಿಯ ನೀರನ್ನು ಬೆರಳಲ್ಲಿ ಅದ್ದಿ ನಾಲಿಗೆಗೆ ಇಟ್ಟು ನೋಡಿದರು. ಒಂದು ಎಲೆಯ ದಪ್ಪ ಬಿಳಿ ಬುಡವನ್ನು ಬಗ್ಗಿಸಿದರು. ಅದು ಪಟ್ಟನೆ ಮುರಿಯಿತು. ಇನ್ನೂ ಆಗಿಲ್ಲ, ಮುರಿಯದೆ ಬಳುಕಬೇಕು, ರಾತ್ರಿ ಒಂದು ಸಲ ಮೇಲೆ ಕೆಳಗೆ ಮಾಡಿ ಅಂದರು. ಮೀನನ್ನು ಇಷ್ಟು ದಪ್ಪ ಕತ್ತರಿಸಿದ್ದು ಯಾರು ಅಂತ ಬೈದರು. ಬೆನ್ನು ನೋವು ಅಂತ ಕೂತಲ್ಲಿಂದಲೇ ಎಲ್ಲರನ್ನೂ ಓಡಾಡಿಸಿದರು. ಮರುದಿನವೂ ಬಂದರು. ಯಾರೂ ಅವರ ಕಷ್ಟ ಸುಖ ಕೇಳಲಿಲ್ಲ, ಕೇಳಬಾರದು ಅಂತ ಮೊದಲೇ ಮಾತಾಗಿತ್ತು. ಚಳಿಗಾಲ ಕಳೆಯುವ ಹೊತ್ತಿಗೆ ಅವರಾಗಿಯೇ ಹೇಳಿದರು: ಬಾಡಿಗೆ ಬಾಕಿ ಇದೆ, ಆಸ್ಪತ್ರೆಗೆ ಹೋಗಿ ವರ್ಷ ಆಯಿತು, ಆ ಅರ್ಜಿ ತುಂಬಲು ಯಾರಾದರೂ ಜೊತೆಗೆ ಬರುತ್ತೀರಾ?

ಸಹಾಯ ತೆಗೆದುಕೊಳ್ಳಲು ಬಾರದವರು ಸಹಾಯ ಮಾಡಲು ಬರುತ್ತಾರೆ. ಒಕ್‌ಜು ಮಾತ್ರ ಅಲ್ಲ, ಆಮೇಲೆ ಬಂದ ಹಲವರು ಬಂದದ್ದು ಹೀಗೇ. ಇದನ್ನು ಉಪಾಯ ಅಂದುಕೊಂಡು ಬಳಸಿದರೆ ಕೆಲಸ ಮಾಡುವುದಿಲ್ಲ ಅನ್ನುವುದನ್ನೂ ಹೇಳಬೇಕು. ಅವತ್ತು ಅವರಿಗೆ ಉಪ್ಪಿನ ಹದ ನಿಜವಾಗಿಯೂ ಗೊತ್ತಿರಲಿಲ್ಲ. ಒಕ್‌ಜು ನಿಜವಾಗಿಯೂ ಬೇಕಿದ್ದರು.

ಸಹಾಯ ಮಾಡುವವರಿಗೆ ಯಾರು?

ಕೊರೋನಾ ಕಾಲದಲ್ಲಿ ಸೇರುವುದು ನಿಂತರೂ ಇಬ್ಬಿಬ್ಬರ ಏರ್ಪಾಡು ಫೋನಿನಲ್ಲಿ ನಡೆಯಿತು. ಗುಂಪಿಗೆ ದೊಡ್ಡ ಪೆಟ್ಟು ಬಿದ್ದದ್ದು 2022ರ ಅಕ್ಟೋಬರ್‌ನಲ್ಲಿ. ಸಿಯೋಲ್‌ನ ಯಾಂಗ್‌ಚನ್ ಪ್ರದೇಶದ ಸರ್ಕಾರಿ ಫ್ಲ್ಯಾಟಿನಲ್ಲಿ, ಉತ್ತರದಿಂದ ಬಂದಿದ್ದ 49 ವರ್ಷದ ಒಂಟಿ ಹೆಂಗಸಿನ ಅಸ್ಥಿ ಸಿಕ್ಕಿತು. ಮೈಮೇಲೆ ಚಳಿಗಾಲದ ಬಟ್ಟೆ ಇತ್ತು. ಬಾಡಿಗೆ ಬಾಕಿ ಅಂತ ಮನೆ ಖಾಲಿ ಮಾಡಿಸಲು ಹೋದವರಿಗೆ ಕಂಡದ್ದು. ಅವರು 2017ರವರೆಗೆ ಉತ್ತರದಿಂದ ಬಂದವರಿಗೇ ಆಪ್ತ ಸಲಹೆ ಕೊಡುವ ಉದ್ಯೋಗದಲ್ಲಿದ್ದವರು. ಚೆನ್ನಾಗಿ ನೆಲೆ ನಿಂತವರು ಅಂತ ಅವರನ್ನೇ ಉದಾಹರಣೆಯಾಗಿ ತೋರಿಸಿದ್ದರು.

ಅವತ್ತು ಬೆಂಚಿನ ಮೇಲೆ ಒಕ್‌ಜು ಸನ್‌ಹೀಯನ್ನು ಕೇಳಿದರು, "ನಿನ್ನ ಇಬ್ಬರು ಯಾರು?"

ಸನ್‌ಹೀ ಯಾರ ಹೆಸರನ್ನೂ ಕೊಟ್ಟಿರಲಿಲ್ಲ. ಹಗಲು ವೃದ್ಧರ ಮನೆಯಲ್ಲಿ ಕೆಲಸ, ಸಂಜೆ ಕೌಂಟರ್, ರಾತ್ರಿ ಫೋನ್. ನಿದ್ರೆ ಇಲ್ಲದೆ ಎಷ್ಟೋ ಕಾಲ ಆಗಿತ್ತು. ಉತ್ತರದಲ್ಲಿರುವ ತಾಯಿಯ ಸುದ್ದಿ ಬಂದು ಎರಡು ವರ್ಷ ಮೀರಿತ್ತು. ಯಾರಿಗೂ ಹೇಳಿರಲಿಲ್ಲ. ನೋಡಿ, ಅಡಗುವ ಅಭ್ಯಾಸ ಅವರನ್ನೂ ಬಿಟ್ಟಿರಲಿಲ್ಲ. ಗುಂಪು ಅವರನ್ನು ನಾಲ್ಕು ತಿಂಗಳು ಕೆಲಸದಿಂದ ಹೊರಗೆ ಇಟ್ಟಿತು. ಅವರು ಒಪ್ಪಲಿಲ್ಲ, ಜಗಳ ಮಾಡಿದರು, ಅತ್ತರು. ಅವರು ನೋಡಿಕೊಳ್ಳುತ್ತಿದ್ದ ಫೋನ್ ಕೆಲಸವನ್ನು ಗುಂಪು ಮೂರು ಜನರಿಗೆ ಹಂಚಿತು. ವಾಪಸ್ ಬಂದಾಗ ಪೂರ್ತಿ ಫೋನ್ ಅವರ ಕೈಗೆ ಕೊಡಲಿಲ್ಲ. ಈ ಗುಂಪು ಇವತ್ತಿಗೂ ನಡೆಯುತ್ತಿದ್ದರೆ, ಅದಕ್ಕೆ ಈ ಒಂದು ತೀರ್ಮಾನವೇ ಹೆಚ್ಚು ಕಾರಣ ಅಂತ ನನ್ನ ನಂಬಿಕೆ. ಒಬ್ಬರ ಧೈರ್ಯದ ಮೇಲೆ ನಿಂತ ಗುಂಪುಗಳು ಅವರ ಜೊತೆಗೇ ಕುಸಿಯುವುದನ್ನು ಎಲ್ಲ ಕಡೆ ನೋಡುತ್ತೇವೆ.

2023ರ ಅಕ್ಟೋಬರ್‌ನಲ್ಲಿ ಇನ್ನೊಂದು ಪರೀಕ್ಷೆ ಬಂತು. ಚೀನಾ ನೂರಾರು ಜನರನ್ನು ಒಟ್ಟಿಗೆ ಉತ್ತರಕ್ಕೆ ವಾಪಸ್ ಕಳಿಸಿದ ಸುದ್ದಿ ಹೊರಬಿತ್ತು. ಗುಂಪಿನ ಒಬ್ಬ ಹೆಂಗಸಿನ ತಂಗಿ ಚೀನಾದಲ್ಲಿ ಬಂಧನದಲ್ಲಿದ್ದರು. ಅವರ ಸುದ್ದಿಯೇ ನಿಂತುಹೋಯಿತು. ನೀವು ಮಾತಾಡಿ ಅಂತ ಆಕೆ ಸನ್‌ಹೀಯನ್ನು ಬೇಡಿಕೊಂಡರು. ವೇದಿಕೆ ಬಿಟ್ಟವರು ಏನು ಮಾಡಬೇಕು? ಸನ್‌ಹೀ ಪ್ರತಿಭಟನೆಗೆ ಹೋದರು. ಟೋಪಿ, ಮಾಸ್ಕ್, ಕಪ್ಪು ಕನ್ನಡಕ ಹಾಕಿಕೊಂಡು ಮಾತಾಡಿದರು. ತಂಗಿಯ ಹೆಸರು, ಊರು ಎತ್ತಲಿಲ್ಲ. ಚೀನಾದಲ್ಲಿ ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ತಾವು ಹೆದರಿ ಕಳೆದ ವರ್ಷಗಳನ್ನು ಮಾತ್ರ ಹೇಳಿದರು. ತನ್ನದನ್ನು ಹೇಳಬಹುದು, ಇನ್ನೊಬ್ಬರದನ್ನು ಹೇಳುವಂತಿಲ್ಲ. ಅವರ ಹಳೆಯ ನಿಯಮ ಅವತ್ತು ಇಷ್ಟು ಸ್ಪಷ್ಟವಾಯಿತು.

ರಾಜಕೀಯದ ವಿಷಯ ಒಂದೇ ಮಾತಲ್ಲಿ ಹೇಳುತ್ತೇನೆ. ಬಲೂನಿನಲ್ಲಿ ಉತ್ತರಕ್ಕೆ ಕರಪತ್ರ ಹಾರಿಸುವುದನ್ನು 2020ರ ಡಿಸೆಂಬರ್‌ನಲ್ಲಿ ಕಾನೂನು ನಿಷೇಧಿಸಿತು, 2023ರ ಸೆಪ್ಟೆಂಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ನಿಷೇಧವನ್ನು ರದ್ದು ಮಾಡಿತು. ಎರಡು ಸಲವೂ ಗುಂಪಿನೊಳಗೆ ಎರಡು ಬಣ ಆಯಿತು. ಅಡುಗೆ ಕೋಣೆಯಲ್ಲಿ ಆ ಮಾತು ಬೇಡ, ಹೊರಗೆ ಯಾರಿಗೆ ಏನು ಬೇಕೋ ಮಾಡಲಿ ಅಂತ ತೀರ್ಮಾನಿಸಿ ಮುಂದೆ ಹೋದರು.

ಏನು ಉಳಿಯಿತು, ಏನು ಆಗಲಿಲ್ಲ

ಇಬ್ಬಿಬ್ಬರ ಏರ್ಪಾಡು ಒಂದು ಜೀವವನ್ನಾದರೂ ಉಳಿಸಿದೆ. ಫೋನ್ ಎತ್ತದ ಒಬ್ಬ ಹೆಂಗಸಿನ ಬಾಗಿಲನ್ನು ಅವಳೇ ಹೇಳಿದ್ದ ಮೂರನೇ ದಿನ ತಟ್ಟಿದಾಗ, ಜ್ವರದಲ್ಲಿ ಏಳಲಾಗದೆ ನೆಲದ ಮೇಲೆ ಬಿದ್ದಿದ್ದಳು. ಚುಸೊಕ್ ಹಬ್ಬ ಮತ್ತು ಹೊಸ ವರ್ಷದ ದಿನಗಳಲ್ಲಿ ಎಲ್ಲರೂ ಮನೆಗೆ ಹೋಗುವಾಗ ಇವರಿಗೆ ಹೋಗಲು ಮನೆ ಇಲ್ಲ. ಆ ದಿನಗಳೇ ಅತಿ ಕಷ್ಟ. ಈಗ ಗುಂಪಿನವರು ಒಟ್ಟಿಗೆ ಗಡಿ ಹತ್ತಿರದ ಇಮ್‌ಜಿನ್‌ಗಾಕ್‌ಗೆ ಹೋಗಿ, ಉತ್ತರಕ್ಕೆ ಮುಖ ಮಾಡಿ ಹಿರಿಯರಿಗೆ ಎಡೆ ಇಟ್ಟು ಬರುತ್ತಾರೆ.

ಆಗದೇ ಉಳಿದದ್ದೂ ಇದೆ. ಒಬ್ಬ ಹೆಂಗಸು ತನ್ನ ಇಬ್ಬರ ಹೆಸರನ್ನೂ ವಾಪಸ್ ತೆಗೆದುಕೊಂಡು, ಇನ್ನು ಯಾರೂ ಬರಬೇಡಿ ಅಂದರು. ಗುಂಪು ಆ ಮಾತಿಗೆ ತಲೆಬಾಗಿತು. ಅವರು ಈಗ ಹೇಗಿದ್ದಾರೆ ಅಂತ ಯಾರಿಗೂ ತಿಳಿಯದು. ಈ ತೀರ್ಮಾನ ಸರಿಯಾ ಅಂತ ಇಂದಿಗೂ ವಾದ ನಡೆಯುತ್ತದೆ. ಪಟ್ಟಿ ಬಿಟ್ಟದ್ದಕ್ಕೆ ತೆತ್ತ ಬೆಲೆ ಇದು. ಅದನ್ನು ಮುಚ್ಚಿಟ್ಟು ಈ ಪ್ರಕರಣ ಬರೆಯುವುದು ಸರಿಯಲ್ಲ. ನನಗೆ ಸನ್‌ಹೀ ತೀರ್ಮಾನ ಸರಿ ಅನ್ನಿಸುತ್ತದೆ. ಒಬ್ಬರ "ಬೇಡ"ವನ್ನು ಒಮ್ಮೆ ಮೀರಿದರೆ ಉಳಿದವರೆಲ್ಲರ ನಂಬಿಕೆ ಅಲ್ಲಿಗೇ ಮುಗಿಯುತ್ತದೆ.

ದುಡ್ಡಿನದ್ದೂ ಸುಲಭ ಅಲ್ಲ. ಅನುದಾನ ಕೊಡುವವರು ಫಲಾನುಭವಿಗಳ ಹೆಸರು, ಸಹಿ, ಫೋಟೋ ಕೇಳುತ್ತಾರೆ. ಗುಂಪು ಹೆಸರು ಕೊಡುವುದಿಲ್ಲ, ಎಷ್ಟು ಜನ ಬಂದರು ಅನ್ನುವ ಲೆಕ್ಕ ಮಾತ್ರ ಕೊಡುತ್ತದೆ. ಹಾಗಾಗಿ ಎರಡು ಕಡೆಯ ದುಡ್ಡು ಕೈತಪ್ಪಿತು. ಒಂದು ಸ್ಥಳೀಯ ಕಚೇರಿ ಮಾತ್ರ, ವರ್ಷಗಟ್ಟಲೆ ಕೂತು ಮಾತಾಡಿದ ಮೇಲೆ, ಲೆಕ್ಕ ಸಾಕು ಅಂತ ಒಪ್ಪಿತು. ಸನ್‌ಹೀ ಮಗ ಇಪ್ಪತ್ತು ದಾಟಿದ್ದಾನೆ. ಸೈನ್ಯ ಸೇವೆಗೆ ಹೋಗಿ ಬಂದಿದ್ದಾನೆ. ಶನಿವಾರದ ತರಗತಿಯಲ್ಲಿ ಚೀನಾದಿಂದ ಬಂದ ಮಕ್ಕಳಿಗೆ ಪಾಠ ಹೇಳುತ್ತಾನೆ.

ಈಗ ಗುಂಪಿನ ಮುಂದಿರುವುದು ಗಂಡಸರ ಪ್ರಶ್ನೆ. ಬಂದವರಲ್ಲಿ ಅವರು ಕಡಿಮೆ, ಆದರೆ ಒಂಟಿಯಾಗಿ ಕುಡಿಯುತ್ತಾ ಕೂತವರು ಅವರಲ್ಲಿ ಇದ್ದಾರೆ. ಕಿಮ್ಚಿಗೆ ಕರೆದರೆ ಬರುವುದಿಲ್ಲ. ಈ ಚಳಿಗಾಲದ ಮೊದಲು ವಯಸ್ಸಾದ ಹೆಂಗಸರ ಫ್ಲ್ಯಾಟುಗಳ ಕಿಟಕಿ ಸಂದಿಗೆ ಗಾಳಿ ಬಾರದಂತೆ ಪಟ್ಟಿ ಅಂಟಿಸುವ ಕೆಲಸ ಇದೆ. ಗಣಿಯಲ್ಲಿ ದುಡಿದು ಬಂದ ಒಬ್ಬರಿಗೆ ಒಕ್‌ಜು ಫೋನ್ ಮಾಡಿದ್ದಾರೆ, ಏಣಿ ಹತ್ತಲು ನಮ್ಮಲ್ಲಿ ಯಾರಿಗೂ ಆಗುವುದಿಲ್ಲ ಅಂತ. ಅವರು ಇನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ವಾರ ಒಕ್‌ಜು ಮತ್ತೆ ಮಾಡುತ್ತಾರಂತೆ.